ತಡವಾಗಿ ಸಿಕ್ಕ ಚಿನ್ನ: ಕಾರ್ಲ್‌ಸನ್ನಾ, ಉಲ್‌ಮಾರ್ಕಾ?

ಫ್ಯಾಂಟಸಿ ಡ್ರಾಫ್ಟ್ ಅಂದರೆ ನಿಜವಾದ ಆಟಗಾರರನ್ನು ಸರದಿಯಂತೆ ಆರಿಸಿ ಕಾಲ್ಪನಿಕ ತಂಡ ಕಟ್ಟುವುದು. 2022-23ರ ಎನ್‌ಎಚ್‌ಎಲ್ (ಉತ್ತರ ಅಮೆರಿಕದ ಐಸ್ ಹಾಕಿ ಲೀಗ್) ಫ್ಯಾಂಟಸಿ ಡ್ರಾಫ್ಟ್‌ನ ಮೊದಲ ಸುತ್ತುಗಳಲ್ಲಿ ಇವರಿಬ್ಬರಿಗೂ ಬೇಡಿಕೆ ಇರಲಿಲ್ಲ. ಹಾಗಾದರೆ ತಡವಾಗಿ ಆರಿಸಿದವರಿಗೆ ಹೆಚ್ಚು ಲಾಭ ತಂದವರು ಯಾರು? ಸ್ಯಾನ್ ಹೊಸೆ ತಂಡದ ಎರಿಕ್ ಕಾರ್ಲ್‌ಸನ್‌ಗೆ ಆಗಲೇ 32 ವರ್ಷ. ಹಿಂದಿನ ಸೀಸನ್‌ನಲ್ಲಿ ಆಡಿದ್ದು 50 ಪಂದ್ಯವಷ್ಟೇ. ಆಮೇಲೆ ನೋಡಿ: 82 ಪಂದ್ಯ, 25 ಗೋಲು, 76 ಅಸಿಸ್ಟ್ (ಗೋಲಿಗೆ ನೆರವಾದ ಪಾಸ್)! ಒಂದೊಂದಕ್ಕೂ ಒಂದು ಪಾಯಿಂಟ್. ಡಿಫೆನ್ಸ್ ಆಟಗಾರರೊಬ್ಬರು 100 ಪಾಯಿಂಟ್ ಮುಟ್ಟಿದ್ದು 1991-92ರ ನಂತರ ಇದೇ ಮೊದಲು. ತಂಡ ಮಾತ್ರ ಸೋಲುತ್ತಲೇ ಇತ್ತು. ಹಾಗಾಗಿ ಪ್ಲಸ್-ಮೈನಸ್ (ಸ್ಥೂಲವಾಗಿ, ಆಟಗಾರ ಅಂಕಣದಲ್ಲಿದ್ದಾಗ ತಂಡ ಹೊಡೆದ ಮತ್ತು ಬಿಟ್ಟುಕೊಟ್ಟ ಗೋಲುಗಳ ವ್ಯತ್ಯಾಸ) ಎಣಿಸುವ ಫ್ಯಾಂಟಸಿ ಲೀಗ್‌ಗಳಲ್ಲಿ ಅವರ ಮೈನಸ್ 26 ಚುಚ್ಚುತ್ತಿತ್ತು.

ಬಾಸ್ಟನ್ ಗೋಲ್‌ಕೀಪರ್ ಲೈನಸ್ ಉಲ್‌ಮಾರ್ಕ್ 40 ಗೆಲುವು ಕೊಟ್ಟರು. ಅದೂ ತಂಡದ ಇನ್ನೊಬ್ಬ ಗೋಲ್‌ಕೀಪರ್ ಜೆರೆಮಿ ಸ್ವೇಮನ್ ಜೊತೆ ಜಾಗ ಹಂಚಿಕೊಂಡು. ಸಣ್ಣ ಮಾತಲ್ಲ, ಅಲ್ವಾ?

ನನ್ನ ಆಯ್ಕೆ ಕಾರ್ಲ್‌ಸನ್. ಅಷ್ಟು ಪಾಯಿಂಟ್ ತರುವ ಡಿಫೆನ್ಸ್ ಆಟಗಾರ ಸೀಸನ್ ಮಧ್ಯೆ ಹುಡುಕಿದರೆ ಸಿಗುವುದಿಲ್ಲ. ನಿಮ್ಮ ಲೀಗ್‌ನಲ್ಲಿ ಗೋಲ್‌ಕೀಪರ್ ಅಂಕಗಳಿಗೇ ತೂಕ ಜಾಸ್ತಿಯಿದ್ದರೆ ಉಲ್‌ಮಾರ್ಕ್ ತೆಗೆದುಕೊಳ್ಳಿ.