ಗಾಳಿಯಾಡದ ಮನೆ ಕಟ್ಟಿಸುವ ಮುಂಚೆ ನಮ್ಮ ಮನೆಯಲ್ಲಿ ಆದದ್ದು ಕೇಳಿ

2022ರ ಜುಲೈ ಕೊನೆ. ಆಟಿ ತಿಂಗಳ ಜಡಿಮಳೆ. ಮಗ ಸ್ನಾನ ಮುಗಿಸಿ ಶಾಲೆಗೆ ಹೊರಟಿದ್ದ. ಅವನ ಹಿಂದೆಯೇ ನಮ್ಮವರ ಸ್ನಾನ ಆಯಿತು. ಆಮೇಲೆ ಅತ್ತೆ ಬಚ್ಚಲಿಗೆ ಹೋದರು. ನಾನು ದೋಸೆ ಹೊಯ್ಯುತ್ತಿದ್ದೆ. ಹತ್ತು ನಿಮಿಷ ಆಗಿರಬಹುದು, ಚೊಂಬು ಬಿದ್ದ ಸದ್ದು ಕೇಳಿತು. ಕರೆದೆ. ಉತ್ತರ ಇಲ್ಲ. ನೀರು ಬೀಳುವ ಸದ್ದು ಮಾತ್ರ ಹಾಗೇ ಇತ್ತು.

ಚಿಲಕ ಮುರಿದು ಒಳಗೆ ಹೋದಾಗ ಅತ್ತೆ ಗೋಡೆಗೆ ಒರಗಿ ಕುಸಿದಿದ್ದರು. ನಲ್ಲಿ ಬಿಟ್ಟಂತೆಯೇ ಇತ್ತು. ಮೇಲೆ ಗ್ಯಾಸ್ ಗೀಸರ್ ಉರಿಯುತ್ತಲೇ ಇತ್ತು. ಇಬ್ಬರೂ ಸೇರಿ ಎತ್ತಿ ಜಗಲಿಗೆ ತಂದೆವು. ಹೊರಗಿನ ಗಾಳಿ ತಾಗಿದ ಮೇಲೆ ಕಣ್ಣು ಬಿಟ್ಟರು. ವಾಂತಿ ಮಾಡಿದರು. "ತಲೆ ಸಿಡೀತಿದೆ" ಎಂದರು. ಕೊರೋನಾ ಕಾಲದಲ್ಲಿ ತಂದಿಟ್ಟ ಆಕ್ಸಿಮೀಟರ್ ಬೆರಳಿಗೆ ಸಿಕ್ಕಿಸಿದೆವು. 98 ತೋರಿಸಿತು. ಆಮ್ಲಜನಕ ಸರಿ ಇದೆಯಲ್ಲ, ಬಿಪಿ ಹೆಚ್ಚುಕಮ್ಮಿ ಆಗಿರಬೇಕು, ಸ್ವಲ್ಪ ಮಲಗಲಿ ಅಂದುಕೊಂಡೆವು. ಪಕ್ಕದ ಮನೆಯವರು ಓಡಿ ಬಂದು, ನಮ್ಮನ್ನು ಗದರಿಸಿ ಕಾರು ಹತ್ತಿಸದೇ ಇದ್ದಿದ್ದರೆ ಏನಾಗುತ್ತಿತ್ತೋ.

ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದೆಯಾ?" ಕಾರ್ಬನ್ ಮೊನಾಕ್ಸೈಡ್ ಅಂದರು. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಸಿಲಿಂಡರ್ ಸೋರಿದರೆ ಬರುವ ವಾಸನೆ ಕಂಪನಿಯವರು ಬೇಕೆಂದೇ ಸೇರಿಸಿದ್ದು. ಗ್ಯಾಸ್ ಅರೆಬರೆ ಉರಿದು ಹುಟ್ಟುವ ಈ ವಿಷಕ್ಕೆ ಅದು ಇರುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗವನ್ನು ಅದು 200 ಪಟ್ಟಿಗೂ ಜಾಸ್ತಿ ಬಲವಾಗಿ ಹಿಡಿದುಕೊಳ್ಳುತ್ತದೆ. ಬೆರಳಿಗೆ ಹಾಕುವ ಮಾಮೂಲಿ ಆಕ್ಸಿಮೀಟರಿಗೆ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ. ವಿಷ ಸೇರಿದ ರಕ್ತಕ್ಕೂ ಅದು 98 ಎಂದೇ ತೋರಿಸಬಹುದು. ದಯವಿಟ್ಟು ಇದೊಂದನ್ನು ಮರೆಯಬೇಡಿ. ಅತ್ತೆಗೆ ಮಾಸ್ಕ್ ಹಾಕಿ ಆಮ್ಲಜನಕ ಕೊಟ್ಟರು. ಎರಡು ದಿನ ಬಿಟ್ಟು ಮನೆಗೆ ಬಂದರು.

ತಪ್ಪೆಲ್ಲ ಗೀಸರಿನದ್ದು ಎಂದು ಮೊದಲು ನಾನು ನಂಬಿದ್ದೆ. ಆದರೆ ಅದೇ ಗೀಸರ್ ಹಳೆ ಮನೆಯ ಬಚ್ಚಲಲ್ಲಿ ಆರು ವರ್ಷ ಉರಿದಿತ್ತು. ಅಲ್ಲಿಯೂ ಅದು ಒಳಗೆ ಇರಬಾರದಿತ್ತು ಅಂತ ಈಗ ಗೊತ್ತು. ಆದರೂ ಅಲ್ಲಿ ಏನೂ ಆಗಲಿಲ್ಲ. ಯಾಕೆಂದರೆ ಆ ಮನೆ ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು. ಬಚ್ಚಲಿನ ಗೋಡೆಗೂ ಮಾಡಿಗೂ ನಡುವೆ ಒಂದು ಗೇಣು ಜಾಗ ಬಿಟ್ಟಿದ್ದರು, ಹಂಡೆಯ ಹೊಗೆ ಹೋಗಲಿ ಅಂತ. ಹೊಸ ಮನೆಯಲ್ಲಿ ಆ ಒಂದು ಗೇಣನ್ನು ನಾವು ದುಡ್ಡು ಕೊಟ್ಟು ಮುಚ್ಚಿಸಿದ್ದೆವು.

ನಮ್ಮದು ಕಾರ್ಕಳದ ಹತ್ತಿರ, ದೊಡ್ಡ ರಸ್ತೆಯ ಬದಿ. 2021ರಲ್ಲಿ ಮನೆ ಕಟ್ಟಲು ಶುರು ಮಾಡಿದಾಗ ಕೆಲಸ ವಹಿಸಿಕೊಂಡವರು "ಏರ್‌ಟೈಟ್ ಮನೆ ಮಾಡುವ" ಎಂದರು. ಧೂಳು ಬರುವುದಿಲ್ಲ, ಲಾರಿ ಸದ್ದು ಕೇಳುವುದಿಲ್ಲ, ಕರೆಂಟ್ ಬಿಲ್ ಅರ್ಧ ಆಗುತ್ತದೆ. ಗೋಡೆಗೆ ಎಎಸಿ ಎನ್ನುವ ಹಗುರ ಸಿಮೆಂಟ್ ಬ್ಲಾಕ್, ಕಿಟಕಿಗೆ ಯುಪಿವಿಸಿ ಎನ್ನುವ ಗಟ್ಟಿ ಪ್ಲಾಸ್ಟಿಕ್ ಚೌಕಟ್ಟು ಮತ್ತು ಡಬಲ್ ಗ್ಲಾಸ್, ಬಾಗಿಲಿಗೆ ಸುತ್ತ ರಬ್ಬರ್ ಪಟ್ಟಿ, ಸಂದಿಗೊಂದಿಗೆಲ್ಲ ಫೋಮ್. ವೆಂಟಿಲೇಟರ್ ಕೇಳಿದ್ದಕ್ಕೆ "ಅದೆಲ್ಲ ಹಳೇ ಕಾಲದ್ದು, ಎಸಿಯ ತಂಪೆಲ್ಲ ಹೊರಗೆ ಹೋಗ್ತದೆ" ಎಂದರು. ಬಚ್ಚಲಿಗೂ ತೆರೆಯಲು ಬಾರದ ಮಬ್ಬು ಗಾಜು ಕೂರಿಸಿದರು. ಕಿಟಕಿ ಬಾಗಿಲಿಗೇ ನಮಗೆ ಮೂರೂವರೆ ಲಕ್ಷದ ಮೇಲೆ ಹೋಯಿತು.

ಮೊದಲ ಬೇಸಿಗೆ ಚೆನ್ನಾಗಿಯೇ ಇತ್ತು, ಸುಳ್ಳು ಹೇಳುವುದಿಲ್ಲ. ಏಪ್ರಿಲ್‌ನಲ್ಲೂ ಎಸಿ ಬೇಗ ಆಫ್ ಆಗುತ್ತಿತ್ತು. ರಾತ್ರಿ ಲಾರಿಗಳ ಸದ್ದು ನಿಂತೇ ಹೋಗಿತ್ತು. ನೆಂಟರೆಲ್ಲ ಬಂದು ಗಾಜು ಮುಟ್ಟಿ ನೋಡಿ ಹೋದರು.

ಮನೆ ಆಗಲೇ ಏನೋ ಹೇಳುತ್ತಿತ್ತು, ನಮಗೆ ಅರ್ಥ ಆಗಲಿಲ್ಲ. ಅಡುಗೆಮನೆಯ ಚಿಮಣಿ ಹಾಕಿದ ಕೂಡಲೇ ಬಚ್ಚಲಿನಿಂದ ಮೋರಿ ವಾಸನೆ ಬರುತ್ತಿತ್ತು. ಪ್ಲಂಬರನ್ನು ಎರಡು ಸಲ ಕರೆಸಿದೆವು. ಪೈಪು ಸರಿ ಇದೆ ಎಂದು ಹೋದ. ಆಮೇಲೆ ತಿಳಿಯಿತು, ಚಿಮಣಿ ಮನೆಯ ಗಾಳಿಯನ್ನು ಹೊರಗೆ ಎಳೆದು ಹಾಕುತ್ತದೆ. ಅಷ್ಟೇ ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕು ಅಲ್ವಾ? ಕಿಟಕಿ ಬಾಗಿಲೆಲ್ಲ ಬಿಗಿ. ಮೋರಿಯ ವಾಸನೆ ತಡೆಯಲು ನೀರು ನಿಲ್ಲುವ ಟ್ರ್ಯಾಪ್ ಇರುತ್ತದೆ, ನಮ್ಮದರಲ್ಲಿ ನೀರು ಒಣಗಿತ್ತು. ಹಾಗಾಗಿ ಅಲ್ಲಿಂದಲೇ ಗಾಳಿ ಎಳೆದುಕೊಳ್ಳುತ್ತಿತ್ತು.

ಬೆಳಿಗ್ಗೆ ಎದ್ದರೆ ತಲೆ ಭಾರ. ಎಂಟು ಗಂಟೆ ಮಲಗಿದರೂ ನಿದ್ದೆ ಆದ ಹಾಗೆ ಇಲ್ಲ. ಎಸಿ ಹೊರಗಿನ ಗಾಳಿಯನ್ನು ತಂಪು ಮಾಡಿ ಒಳಗೆ ಬಿಡುತ್ತದೆ ಅಂತಲೇ ನಾನು ಇಷ್ಟು ವರ್ಷ ತಿಳಿದಿದ್ದೆ. ನಿಮ್ಮಲ್ಲಿಯೂ ತುಂಬ ಜನ ಹಾಗೇ ತಿಳಿದಿರಬಹುದು. ಸ್ಪ್ಲಿಟ್ ಎಸಿ ಹಾಗೆ ಮಾಡುವುದಿಲ್ಲ. ಹೊರಗಿನ ಪೆಟ್ಟಿಗೆಗೂ ಒಳಗಿನದಕ್ಕೂ ಇರುವ ಸಂಬಂಧ ತಾಮ್ರದ ಪೈಪು ಮತ್ತು ವೈರು, ಅಷ್ಟೇ. ರೂಮಿನ ಗಾಳಿಯನ್ನೇ ಮತ್ತೆ ಮತ್ತೆ ಸುತ್ತಿಸುತ್ತದೆ. ಪರಿಚಯದವರೊಬ್ಬರ ಮೀಟರ್ ತಂದು ಒಂದು ರಾತ್ರಿ ಇಟ್ಟು ನೋಡಿದೆವು. ನಾವು ಉಸಿರು ಬಿಟ್ಟಾಗ ಬರುವ ಕಾರ್ಬನ್ ಡೈಆಕ್ಸೈಡ್ ಹೊರಗೆ 420 ಪಿಪಿಎಂ ಆಸುಪಾಸು, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 420 ಪಾಲು. ಬಾಗಿಲು ಹಾಕಿ ಮೂವರು ಮಲಗಿದ್ದ ನಮ್ಮ ರೂಮಿನಲ್ಲಿ ಬೆಳಗಿನ ಐದಕ್ಕೆ 2,600 ದಾಟಿತ್ತು.

ಬಚ್ಚಲಿನ ಲೆಕ್ಕ ಇನ್ನೂ ಸರಳ. ಒಂದು ಕೆಜಿ ಅಡುಗೆ ಅನಿಲ ಸರಿಯಾಗಿ ಉರಿಯಲು 12 ಘನ ಮೀಟರ್‌ನಷ್ಟು ಗಾಳಿ ಬೇಕು. ನಮ್ಮ ಬಚ್ಚಲು ಐದಡಿಗೆ ಏಳಡಿ, ಹತ್ತಡಿ ಎತ್ತರ. ಅದರಲ್ಲಿ ಇರುವ ಗಾಳಿಯೇ ಹತ್ತು ಘನ ಮೀಟರ್. ಒಬ್ಬರ ಹಿಂದೆ ಒಬ್ಬರು ಮೂವರು ಸ್ನಾನ ಮಾಡಿದ್ದರು, ಹೊಸ ಗಾಳಿಗೆ ದಾರಿ ಇಲ್ಲ. ಆಮ್ಲಜನಕ ಕಮ್ಮಿ ಆದ ಹಾಗೆ ಗ್ಯಾಸ್ ಅರೆಬರೆ ಉರಿಯಲು ಶುರುವಾಗಿತ್ತು. ಮೂರನೆಯವರಾಗಿ ಹೋದದ್ದು ಅತ್ತೆ.

ಆಸ್ಪತ್ರೆಯಿಂದ ಬಂದ ವಾರಕ್ಕೆ ಇನ್ನೊಂದು ಸಿಕ್ಕಿತು. ನಮ್ಮ ಎಸಿ ರೂಮಿನ ಗೋಡೆಯ ಆಚೆ ಬದಿಗೆ ಅತ್ತೆಯ ಬೀರು ಇದೆ. ಅವರ ಸೀರೆ ತೆಗೆಯಲು ಹೋದಾಗ ಒಂಥರಾ ಮುಗ್ಗಲು ವಾಸನೆ. ಬೀರುವನ್ನು ಸರಿಸಿ ನೋಡಿದರೆ ಗೋಡೆಯ ತುಂಬ ಕಪ್ಪು ಹಸಿರು ಬೂಷ್ಟು. ಬೆರಳಾಡಿಸಿದರೆ ಬೆರಳು ಒದ್ದೆ. ಮಾವ ಇದ್ದಾಗ ತಂದುಕೊಟ್ಟ ರೇಷ್ಮೆ ಸೀರೆಯ ಮಡಿಕೆಯಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆಗಳು. ಅದು ಹೋಗಲೇ ಇಲ್ಲ.

ಗೋಡೆ ಸೋರುತ್ತಿದೆ ಎಂದು ಮೇಸ್ತ್ರಿ ಹೇಳಿದ, ಹೊರಗೆ ಇನ್ನೊಂದು ಕೋಟ್ ವಾಟರ್‌ಪ್ರೂಫ್ ಬಣ್ಣ ಹೊಡೆಯಲು ಹೊರಟ. ನೀರು ಮಳೆಯದ್ದಲ್ಲ, ಮನೆಯೊಳಗಿನದ್ದೇ. ಮಳೆಗಾಲದಲ್ಲಿ ನಮ್ಮ ಕರಾವಳಿಯ ಗಾಳಿ 27 ಡಿಗ್ರಿ ಇದ್ದು ತೇವಾಂಶ ಶೇ 90 ಇದ್ದರೆ, ಅದು 25 ಡಿಗ್ರಿಗಿಂತ ತಂಪಾದ ಯಾವುದನ್ನು ಮುಟ್ಟಿದರೂ ನೀರು ಬಿಡುತ್ತದೆ. ಫ್ರಿಜ್ಜಿನಿಂದ ತೆಗೆದ ಚೊಂಬಿನ ಮೇಲೆ ನೀರು ಕೂರುವುದಿಲ್ಲವೇ, ಹಾಗೇ. ನಾವು ಎಸಿ 20ಕ್ಕೆ ಇಟ್ಟು ಮಲಗುತ್ತಿದ್ದೆವು. ಆಚೆ ರೂಮಿನ ಗೋಡೆ ರಾತ್ರಿಯಿಡೀ ತಂಪು, ಬೀರುವಿನ ಹಿಂದೆ ಗಾಳಿ ಆಡುವುದಿಲ್ಲ. ಅದರ ಮೇಲೆ ಮನೆಯೊಳಗೆ ಹುಟ್ಟುವ ತೇವ. ಅಡುಗೆ, ಸ್ನಾನ, ಒಳಗೇ ಒಣಹಾಕಿದ ಬಟ್ಟೆ, ನಮ್ಮ ಉಸಿರು. ಗ್ಯಾಸ್ ಉರಿದರೂ ನೀರಾವಿಯೇ ಬರುತ್ತದೆ. 14.2 ಕೆಜಿಯ ಒಂದು ಸಿಲಿಂಡರ್ ಖಾಲಿಯಾಗುವಷ್ಟರಲ್ಲಿ 20 ಲೀಟರಿಗೂ ಜಾಸ್ತಿ ನೀರು ಆವಿಯಾಗಿ ಹೊರಬಿದ್ದಿರುತ್ತದೆ. ಇದನ್ನು ಓದಿದ ದಿನ ನಾನು ಸಿಲಿಂಡರನ್ನೇ ನೋಡುತ್ತಾ ನಿಂತಿದ್ದೆ. ಹಳೆ ಮನೆಯಲ್ಲಿ ಆ ನೀರೆಲ್ಲ ಹಂಚಿನ ಸಂದಿಯಲ್ಲಿ ಹೊರಗೆ ಹೋಗುತ್ತಿತ್ತು.

ಕಿಟಕಿಯ ಕಥೆಯನ್ನೂ ಹೇಳಿಬಿಡುತ್ತೇನೆ. ಜೂನ್‌ನ ಮೊದಲ ದೊಡ್ಡ ಮಳೆಗೆ ಹಾಲ್‌ನ ಕಿಟಕಿಯ ಕೆಳಗಿನ ಹಳಿಯಲ್ಲಿ ನೀರು ತುಂಬಿ ಒಳಗೆ ಇಳಿಯಿತು. ಅದರ ಕೆಳಗೇ ಸ್ವಿಚ್‌ಬೋರ್ಡ್ ಇತ್ತು. ಜಾರುವ ಕಿಟಕಿಯ ಚೌಕಟ್ಟಿಗೆ ಹೊರಬದಿಯಲ್ಲಿ, ಕೆಳಗಡೆ, ಸಣ್ಣ ಸೀಳಿನಂಥ ತೂತುಗಳು ಇರುತ್ತವೆ. ಹಳಿಗೆ ಬಿದ್ದ ಮಳೆನೀರು ಅಲ್ಲಿಂದ ಹೊರಗೆ ಹೋಗಬೇಕು. ಕೂರಿಸಲು ಬಂದ ಹುಡುಗರಿಗೆ ಕೆಲಸ ವಹಿಸಿಕೊಂಡವರು "ಒಂದು ತೂತೂ ಬಿಡಬೇಡಿ" ಎಂದು ಹೇಳಿದ್ದರಂತೆ. ಆ ಹುಡುಗರು ಆ ಸೀಳುಗಳಿಗೂ ಸಿಲಿಕೋನ್ ಅಂಟು ತುಂಬಿದ್ದರು. ನಮ್ಮವರು ಮಳೆಯಲ್ಲೇ ನಿಂತು ಹೊಲಿಗೆಯ ದಬ್ಬಣದಲ್ಲಿ ಒಂದೊಂದನ್ನೇ ಬಿಡಿಸಿದರು. ಬಿಡಿಸಿದ ಕೂಡಲೇ ನೀರು ಸರ್ರನೆ ಹೊರಗೆ ಇಳಿಯಿತು. ನಿಮ್ಮ ಮನೆಯಲ್ಲಿ ಈ ಥರದ ಕಿಟಕಿ ಇದ್ದರೆ ಒಂದು ಚೊಂಬು ನೀರು ಹಳಿಗೆ ಹೊಯ್ದು ನೋಡಿ. ಹೊರಗೆ ಬರಬೇಕು.

ಬಿಗಿಯಾದ ಮನೆ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಈ ವಿಚಾರ ಬಂದದ್ದು ಚಳಿ ದೇಶಗಳಿಂದ. ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ 1991ರಲ್ಲಿ ಮೊದಲ ಪ್ಯಾಸಿವ್ ಹೌಸ್, ಅಂದರೆ ತೀರಾ ಕಮ್ಮಿ ಇಂಧನದಲ್ಲಿ ಬೆಚ್ಚಗಿರುವ ಮನೆ, ಕಟ್ಟಿದರು. ಅಂಥ ಮನೆಗಳಿಗೆ ಕಟ್ಟುನಿಟ್ಟಿನ ಪರೀಕ್ಷೆ ಇದೆ. ಬಾಗಿಲಿಗೆ ದೊಡ್ಡ ಫ್ಯಾನ್ ಕಟ್ಟಿ, ಒಳಗೂ ಹೊರಗೂ 50 ಪಾಸ್ಕಲ್ ಒತ್ತಡದ ವ್ಯತ್ಯಾಸ ಮಾಡಿದಾಗ ಗಂಟೆಗೆ ಮನೆಯ ಗಾಳಿಯ 0.6 ಪಾಲಿಗಿಂತ ಜಾಸ್ತಿ ಸೋರಬಾರದು. ಆದರೆ ಅದೇ ಮನೆಯಲ್ಲಿ ಹಗಲು ರಾತ್ರಿ ಹೊಸ ಗಾಳಿಯನ್ನು ಒಳಗೆ ತಂದು ಹಳೆಯದನ್ನು ಹೊರಗೆ ಹಾಕುವ ಯಂತ್ರವೂ ಇರುತ್ತದೆ. ಅದಿಲ್ಲದೆ ಅಲ್ಲಿ ಯಾರೂ ಅಷ್ಟು ಬಿಗಿ ಮಾಡುವುದಿಲ್ಲ. ನಮಗೆ ಮಾರಿದವರು ಅರ್ಧ ಮಾತ್ರ ಮಾರಿದರು. ನಾವು ಉಳಿದರ್ಧ ಎಲ್ಲಿ ಎಂದು ಕೇಳಲಿಲ್ಲ.

ನಮ್ಮ ದೇಶಕ್ಕೇ ಮಾಡಿದ ನಿಯಮವೂ ಇದೆ, 2018ರ ಇಕೋ ನಿವಾಸ್ ಸಂಹಿತೆ. ನಮ್ಮಂಥ ಸೆಕೆ ಮತ್ತು ತೇವದ ಊರಿನ ಮನೆಯಲ್ಲಿ ತೆರೆಯಲು ಬರುವ ಕಿಟಕಿ, ವೆಂಟಿಲೇಟರ್, ಬಾಲ್ಕನಿಗೆ ತೆರೆಯುವ ಬಾಗಿಲು ಎಲ್ಲ ಸೇರಿ ಕಾರ್ಪೆಟ್ ಏರಿಯಾದ, ಅಂದರೆ ಒಳಗಿನ ಬಳಸುವ ನೆಲದ, ಶೇ 16.66 ಇರಬೇಕು ಎನ್ನುತ್ತದೆ. ಬೆಂಗಳೂರಿನಂಥ ಹವೆಗೆ ಶೇ 12.5. ನಮ್ಮಂಥ ಒಂಟಿ ಮನೆಗೆ ಬಂದು ಇದನ್ನು ಯಾರೂ ಅಳೆಯುವುದಿಲ್ಲ, ನಾವೇ ಅಳೆದುಕೊಳ್ಳಬೇಕು. ನಮ್ಮ 1,200 ಚದರಡಿಗೆ 200 ಚದರಡಿ ಬೇಕಿತ್ತು. ಟೇಪು ಹಿಡಿದು ಅಳೆದರೆ ಸಿಕ್ಕಿದ್ದು 90. ಎರಡು ಹಲಗೆಯ ಜಾರುವ ಕಿಟಕಿ ಅರ್ಧ ಮಾತ್ರ ತೆರೆಯುತ್ತದೆ, ತೆರೆಯದ ಗಾಜು ಲೆಕ್ಕಕ್ಕೇ ಇಲ್ಲ. ಕಿಟಕಿಗೆ ಆರ್ಡರ್ ಕೊಡುವ ಮುಂಚೆ ಈ ಲೆಕ್ಕ ಒಂದು ಸಲ ಮಾಡಿ.

ಇನ್ನೊಂದು ಮಾತು ಸಜ್ಜಾದ ಬಗ್ಗೆ. ಡಬಲ್ ಗ್ಲಾಸ್ ಹಾಕುತ್ತೇವಲ್ಲ ಎಂದು ಪಡುವಣ ಕಿಟಕಿಯ ಸಜ್ಜಾ ಒಂದು ಅಡಿಗೆ ಇಳಿಸಿದ್ದರು, ನೋಡಲು ಚೆಂದ ಅಂತ. ಸಾದಾ ಗಾಜು ಎರಡಿದ್ದರೂ ಬಿಸಿಲಿನ ಕಾವು ಬಹುಪಾಲು ಒಳಗೆ ಬಂದೇ ಬರುತ್ತದೆ. ನಮ್ಮ ಕಡೆ ಮನೆ ಕಾಯುವುದು ಆ ಬಿಸಿಲಿನಿಂದಲೇ ಜಾಸ್ತಿ. ಈಗ ಅಲ್ಲಿ ಶೀಟಿನ ಇಳಿಮಾಡು ಕಟ್ಟಿಸಿದ್ದೇವೆ, ಮಳೆಯ ಎರಚಲೂ ನಿಂತಿತು. ಗಾಜಿಗೆ ಕೊಟ್ಟ ದುಡ್ಡಿನ ಕಾಲು ಭಾಗವೂ ಅದಕ್ಕೆ ಆಗಲಿಲ್ಲ.

ಗ್ಯಾಸ್ ಗೀಸರ್ ಕಿತ್ತು ಕರೆಂಟಿನದ್ದು ಹಾಕಿದೆವು. ಬಚ್ಚಲಿನ ಮಬ್ಬು ಗಾಜು ತೆಗೆಸಿ ಗಾಜಿನ ಪಟ್ಟಿಗಳ ವೆಂಟಿಲೇಟರ್ ಮತ್ತು ಎಕ್ಸಾಸ್ಟ್ ಫ್ಯಾನ್ ಕೂರಿಸಿದೆವು. ಬಾಗಿಲಿನ ಕೆಳಗೆ ಒಂದು ಇಂಚು ಕತ್ತರಿಸಿದೆವು, ಫ್ಯಾನ್ ಎಳೆಯುವ ಗಾಳಿ ಬರಲು ದಾರಿ ಬೇಕಲ್ಲ. ಚಿಮಣಿ ಹಾಕುವಾಗ ಅಡುಗೆಮನೆಯ ಕಿಟಕಿ ತೆರೆದಿರುತ್ತದೆ. ಮಲಗುವ ಕೋಣೆಗಳ ಗೋಡೆಗೆ ಫಿಲ್ಟರ್ ಇರುವ ಸಣ್ಣ ಫ್ಯಾನ್ ಹಾಕಿಸಿದೆವು, ಹೊರಗಿನ ಗಾಳಿ ನಿಧಾನಕ್ಕೆ ಒಳಗೆ ಬರುತ್ತದೆ. ಎಸಿ 26ಕ್ಕಿಂತ ಕೆಳಗೆ ಇಳಿಸುವುದಿಲ್ಲ, ಜೊತೆಗೆ ಸೀಲಿಂಗ್ ಫ್ಯಾನ್. ಬೀರು ಗೋಡೆಯಿಂದ ಮೂರು ಇಂಚು ಮುಂದೆ ನಿಂತಿದೆ. ಕಟ್ಟುವಾಗಲೇ ಮಾಡಿದ್ದರೆ ಇದಕ್ಕೆಲ್ಲ ಖರ್ಚು ತೀರಾ ಕಮ್ಮಿ ಆಗುತ್ತಿತ್ತು.

ಮನೆ ಕಟ್ಟುತ್ತಿರುವವರು, ಹಳೆ ಕಿಟಕಿ ತೆಗೆದು ಹೊಸದು ಹಾಕಿಸುವವರು, ಕೆಲಸದವರನ್ನು ಒಂದೇ ಪ್ರಶ್ನೆ ಕೇಳಿ. ಎಲ್ಲ ಬಾಗಿಲು ಕಿಟಕಿ ಹಾಕಿ ಮಲಗಿದಾಗ ಹೊಸ ಗಾಳಿ ಎಲ್ಲಿಂದ ಬರುತ್ತದೆ, ಹಳೆಯದು ಎಲ್ಲಿಂದ ಹೋಗುತ್ತದೆ? ಗೋಡೆಯ ಮೇಲೆ ಕೈಯಿಟ್ಟು ತೋರಿಸಲಿ. ತೋರಿಸದಿದ್ದರೆ ಅಡ್ವಾನ್ಸ್ ಕೊಡಬೇಡಿ.

ನಿಮ್ಮ ಬಚ್ಚಲೊಳಗೆ ಗ್ಯಾಸ್ ಗೀಸರ್ ಇದ್ದರೆ ಅದನ್ನು ಹೊರಗಿನ ಗೋಡೆಗೆ ಹಾಕಿಸಿ. ಪ್ಲಂಬರ್ ಬರುವವರೆಗೆ ಬಕೆಟಿಗೆ ಬಿಸಿನೀರು ಹಿಡಿದು, ಗೀಸರ್ ಆಫ್ ಮಾಡಿ, ಬಾಗಿಲು ಕಿಟಕಿ ತೆರೆದು ಗಾಳಿ ಆಡಿದ ಮೇಲೆ ಸ್ನಾನ ಮಾಡಿ. ಯಾರಾದರೂ ಅಲ್ಲಿ ತಲೆ ಸುತ್ತಿ ಬಿದ್ದರೆ ಮೊದಲು ಬಯಲಿಗೆ ತನ್ನಿ. ಆಕ್ಸಿಮೀಟರ್ ನೋಡುತ್ತಾ ಕೂರಬೇಡಿ. ಆಸ್ಪತ್ರೆಗೆ ಹೋಗಿ, ಅವರು ಕೇಳುವವರೆಗೆ ಕಾಯದೆ "ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರೀತಿತ್ತು" ಎಂದು ಹೇಳಿ.