ನೇರ ತರಗತಿಗಿಂತ ನಾಲ್ಕು ನಿಮಿಷದ ವಿಡಿಯೊ ನನಗೆ ಒಗ್ಗಿತು

ಬಾಗಲಕೋಟೆ ನವನಗರದ ಪದವಿ ಕಾಲೇಜೊಂದರ ಗ್ರಂಥಪಾಲಕನಾದ ನಾನು, ಹೊಸ ವಿದ್ಯಾರ್ಥಿಗಳಿಗೆ ಗ್ರಂಥಾಲಯ ಬಳಕೆಯ ಪಾಠವನ್ನು ಒಂದು ವರ್ಷ ನೇರ ಆನ್‌ಲೈನ್ ತರಗತಿಯಾಗಿಯೂ, ಮರುವರ್ಷ ಮೊಬೈಲಿನಲ್ಲಿ ಮುದ್ರಿಸಿಕೊಂಡ ಸಣ್ಣ ವಿಡಿಯೊಗಳಾಗಿಯೂ ನಡೆಸಿದೆ. ವೇಳಾಪಟ್ಟಿಯಲ್ಲಿ ಈ ಪಾಠಕ್ಕೆ ಜಾಗವಿಲ್ಲ, ಬೀಳಗಿ, ಹುನಗುಂದ ಕಡೆಯವರು ಸಂಜೆಯ ಬಸ್ಸಿಗೆ ಹೊರಟುಬಿಡುತ್ತಾರೆ. ಆದ್ದರಿಂದ ಆನ್‌ಲೈನ್ ಅನಿವಾರ್ಯ. ಇವೆರಡರಲ್ಲಿ ವಿಡಿಯೊಗಳೇ ಮೇಲೆಂದು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನೇರ ತರಗತಿಗಾಗಿ ನಾನು ಕೈಯಿಂದ ಹಣ ಕಳೆದುಕೊಂಡಿದ್ದೇನೆ.

ಉಚಿತ ಝೂಮ್ ಸಭೆ 40 ನಿಮಿಷಕ್ಕೆ ನಿಲ್ಲುತ್ತದೆ, ಮೂವರು ಅಥವಾ ಹೆಚ್ಚು ಜನ ಸೇರಿದ ಉಚಿತ ಗೂಗಲ್ ಮೀಟ್ 60 ನಿಮಿಷಕ್ಕೆ. ಪಾಠ ಮುಗಿಯದಿರುವುದಕ್ಕೆ ಸಮಯವೇ ಕಾರಣವೆಂದು ಭಾವಿಸಿ, ಒಂದು ಸೇವೆಗೆ ಮೂರು ತಿಂಗಳ ಚಂದಾ ಕಟ್ಟಿದೆ. ತಪ್ಪು ಆ ಸೇವೆಯದಲ್ಲ, ನನ್ನ ಲೆಕ್ಕಾಚಾರದ್ದು.

ತೊಡಕು ಬೇರೆಯೇ ಇತ್ತು. ಹೆಚ್ಚಿನ ವಿದ್ಯಾರ್ಥಿಗಳ ಬಳಿ ಇರುವುದು ಒಂದೇ ಮೊಬೈಲು. ತರಗತಿ ನಡೆಯುವುದೂ ಅದರಲ್ಲೇ, ಅಭ್ಯಾಸ ಮಾಡಬೇಕಾದದ್ದೂ ಅದರಲ್ಲೇ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಕಾಲೇಜುಗಳಿಗೆ ಒದಗಿಸುವ, ಇ-ಪುಸ್ತಕ ಮತ್ತು ಇ-ನಿಯತಕಾಲಿಕಗಳ ಸೇವೆಯಾದ ಎನ್-ಲಿಸ್ಟ್‌ಗೆ ಪ್ರತಿಯೊಬ್ಬರೂ ತಮ್ಮ ಐಡಿ, ಪಾಸ್‌ವರ್ಡ್ ಹಾಕಿ ಒಳಹೋಗಬೇಕು. "ಈಗ ನಿಮ್ಮ ಐಡಿ ಹಾಕಿ" ಎಂದು ನಾನು ಹೇಳಿದ ಕೂಡಲೇ ಅವರು ಬ್ರೌಸರಿಗೆ ಹೋಗುತ್ತಾರೆ, ನನ್ನ ಪರದೆ ಕಣ್ಮರೆಯಾಗುತ್ತದೆ. ಮರಳಿ ಬಂದಾಗ ನಾನು ಎರಡು ಹೆಜ್ಜೆ ಮುಂದೆ ಇರುತ್ತೇನೆ. ನಡುವೆ ಮನೆಯವರಿಗೆ ಯಾರದಾದರೂ ಕರೆ ಬಂದರೆ ಅಲ್ಲಿಗೆ ಮುಗಿಯಿತು. "ಸರ್, ಎಲ್ಲಿ ಒತ್ತಬೇಕ್ರಿ?" ಎಂಬ ಒಂದೇ ಪ್ರಶ್ನೆಗೆ ಒಂದೇ ಸಂಜೆ ಆರು ಬಾರಿ ಉತ್ತರಿಸಿದ್ದೇನೆ.

ಇದರ ಮೇಲೆ ಅಕ್ಷರದ ಗಾತ್ರ. ನಾನು ಲ್ಯಾಪ್‌ಟಾಪಿನ ಅಗಲವಾದ ಪರದೆಯನ್ನು ಹಂಚಿಕೊಂಡರೆ ಅದು ಅವರ ಅಂಗೈಯಗಲದ ಪರದೆಯಲ್ಲಿ ಸಾಸಿವೆಯಷ್ಟಾಗುತ್ತಿತ್ತು, ಅಲ್ಲದೆ ಲ್ಯಾಪ್‌ಟಾಪಿನಲ್ಲಿ ಎದುರಿಗೇ ಕಾಣುವ ಮೆನು ಮೊಬೈಲಿನಲ್ಲಿ ಮೂರು ಗೆರೆಗಳ ಹಿಂದೆ ಅಡಗಿರುತ್ತದೆ. ಅಂದರೆ ಅವರ ಎದುರಿಗೇ ಇಲ್ಲದ ಪುಟವನ್ನು ನಾನು ಕಲಿಸುತ್ತಿದ್ದೆ. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯಗಳಿಗೆಂದು ಕೊಟ್ಟ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಬೇಕೆನ್ನುತ್ತದೆ. ನಾನು ಹಣ ಕೊಟ್ಟು ಅದನ್ನು ಹಾಳುಮಾಡುತ್ತಿದ್ದೆ.

ಮರುವರ್ಷ 850 ರೂಪಾಯಿಯ ಕಾಲರ್ ಮೈಕ್ ಕೊಂಡು, ಮೊಬೈಲಿನ ಪರದೆಯನ್ನೇ ನೆಟ್ಟಗೆ ಹಿಡಿದಂತೆ ರೆಕಾರ್ಡ್ ಮಾಡಿ, ಒಂದು ವಿಡಿಯೊಕ್ಕೆ ಒಂದೇ ಕೆಲಸವೆಂದು ನಿಶ್ಚಯಿಸಿದೆ: ಎನ್-ಲಿಸ್ಟ್ ಲಾಗಿನ್ ಒಂದು, ನಮ್ಮ ಗ್ರಂಥಾಲಯದ ಕ್ಯಾಟಲಾಗಿನಲ್ಲಿ ಪುಸ್ತಕ ಹುಡುಕುವುದು ಒಂದು, ಪಿಎಚ್.ಡಿ. ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾ ಒಂದು. ಶೋಧಗಂಗಾಕ್ಕೆ ಲಾಗಿನ್ ಬೇಡ, ಪ್ರಬಂಧಗಳು ಅಧ್ಯಾಯವಾರು ಬೇರೆ ಬೇರೆ ಪಿಡಿಎಫ್‌ಗಳಾಗಿ ಸಿಗುವುದರಿಂದ ಡೇಟಾ ಕಡಿಮೆ ಇದ್ದವರಿಗೂ ಅನುಕೂಲ. ಹೀಗಾಗಿ ಅದನ್ನೇ ಮೊದಲು ಕಳುಹಿಸಿದೆ. ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ವಿಡಿಯೊ ಆಗಿ ಕಳುಹಿಸಿದರೆ ಅಕ್ಷರ ಮಸುಕಾಗುತ್ತದೆ, ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಸ್ಪಷ್ಟವಾಗಿ ಉಳಿಯುತ್ತದೆ. ವಿದ್ಯಾರ್ಥಿ ಒಂದು ಹೆಜ್ಜೆ ನೋಡಿ, ನಿಲ್ಲಿಸಿ, ಮಾಡಿ, ಮರಳಿ ಬರುತ್ತಾನೆ. ವಿಡಿಯೊ ಅವನಿಗಾಗಿ ಕಾಯುತ್ತದೆ.

ನೇರ ತರಗತಿಯ ಒಂದು ಗುಣವನ್ನು ಒಪ್ಪಲೇಬೇಕು. ಸೆಮಿನಾರಿಗೆ ವಿಷಯ ಸಿಗುತ್ತಿಲ್ಲವೆಂದು ಬಂದವರೊಡನೆ ಹುಡುಕುಪದವನ್ನು ಬದಲಿಸುತ್ತ ಕೂರುವ ಕೆಲಸ ವಿಡಿಯೊದಿಂದ ಆಗದು. ಎದುರಿಗೆ ಮುಖಗಳಿದ್ದರೆ ಮಾತ್ರ ಹುಮ್ಮಸ್ಸಿನಿಂದ ಪಾಠ ಮಾಡಬಲ್ಲವರಿಗೂ ನನ್ನ ದಾರಿ ಹಿಡಿಸಲಾರದು. ನಾನಾದರೋ ಹೇಳಿದ್ದನ್ನು ಮೂರು ಸಲ ತಿದ್ದುವ ಸ್ವಭಾವದವನು, ಚಂದಾ ಕಟ್ಟಲು ಗ್ರಂಥಾಲಯದ ಖರ್ಚಿನಲ್ಲಿ ಅವಕಾಶವೂ ಇಲ್ಲ. ಚಂದಾ ನವೀಕರಿಸಲಿಲ್ಲ, ಪ್ರಶ್ನೆಗಳಿಗೆಂದು ಶನಿವಾರ ಸಂಜೆ ಉಚಿತ ಮೀಟ್ ಇಟ್ಟಿದ್ದೇನೆ, ಐದಾರು ಜನ ಬರುತ್ತಾರೆ, ಅಷ್ಟಕ್ಕೆ 60 ನಿಮಿಷ ಸಾಕು.