ಸ್ಪೀಕ್ ಓದಿದೆ, ಮಕ್ಕಳಿಗೆ ಕೊಡೋ ಮುಂಚೆ ನೀವೂ ಒಂದ್ಸಲ ಓದಿ

ಅಕ್ಕನ ಮಗಳು ಈ ವರ್ಷ ಒಂಬತ್ತನೇ ಕ್ಲಾಸು, ಇಂಗ್ಲಿಷ್ ಕಾದಂಬರಿ ಸಿಕ್ಕಾಪಟ್ಟೆ ಓದ್ತಾಳೆ, ಬರ್ತ್‌ಡೇಗೆ ಬೇಕು ಅಂತ ಕಳಿಸಿದ ಲಿಸ್ಟಲ್ಲಿ ಲೋರಿ ಹಾಲ್ಸ್ ಆಂಡರ್ಸನ್ ಬರೆದ ಸ್ಪೀಕ್ ಕೂಡ ಇತ್ತು. ವಿಷಯ ಏನಂತ ಅಲ್ಪಸ್ವಲ್ಪ ಗೊತ್ತಿತ್ತು, ಅದಕ್ಕೇ ಮೊದ್ಲು ನಾನೇ ಓದೋಣ ಅಂತ ತರಿಸ್ಕೊಂಡೆ. ರಾತ್ರಿ ಊಟ ಆದ್ಮೇಲೆ ಕೈಗೆ ತಗೊಂಡಿದ್ದು, ಮುಗಿದಾಗ ಎರಡೂವರೆ.

1999ರಲ್ಲಿ ಬಂದ ಪುಸ್ತಕ ಇದು. ಅಮೆರಿಕದ ಸಿರಕ್ಯೂಸ್‌ನ ಒಂದು ಹೈಸ್ಕೂಲು, ಮೆಲಿಂಡಾ ಅನ್ನೋ ಹುಡುಗಿ ಒಂಬತ್ತನೇ ಕ್ಲಾಸಿಗೆ ಕಾಲಿಡೋ ಹೊತ್ತಿಗೇ ಎಲ್ರೂ ಅವಳ ಜೊತೆ ಮಾತು ಬಿಟ್ಟಿರ್ತಾರೆ, ಯಾಕಂದ್ರೆ ಬೇಸಿಗೆ ರಜೆಲಿ ನಡೆದ ಪಾರ್ಟಿಗೆ ಪೊಲೀಸರನ್ನ ಕರೆಸಿದ್ದು ಇವಳೇ. ಯಾಕೆ ಕರೆಸಿದ್ಳು ಅಂತ ಒಬ್ರೂ ಕೇಳಲ್ಲ, ಜೀವದ ಗೆಳತಿ ಕೂಡ. ಅವತ್ತು ರಾತ್ರಿ ಸೀನಿಯರ್ ಹುಡುಗ ಒಬ್ಬ ಅವಳ ಮೇಲೆ ಅತ್ಯಾಚಾರ ಮಾಡಿರ್ತಾನೆ. ಇದನ್ನ ಇಲ್ಲಿ ಹೇಳ್ಬಿಟ್ಟೆ ಅಂತ ಬೇಜಾರಾಗ್ಬೇಡಿ, ಗೊತ್ತಿದ್ದು ಓದಿದ್ರೇನೇ ಒಳ್ಳೇದು, ಅದ್ರಲ್ಲೂ ಇಂಥದ್ದು ಅನುಭವಿಸಿದವರಿಗೆ.

ಪುಸ್ತಕದಲ್ಲಿ ನನಗೆ ತುಂಬಾ ನಾಟಿದ್ದು ಒಂದು ಸಣ್ಣ ವಿಷಯ. ಅಪ್ಪ ಅಮ್ಮ, ಮೇಷ್ಟ್ರುಗಳು ಏನೋ ಕೇಳ್ತಾರೆ, ನಾಟಕದ ಥರ ಅವರವರ ಹೆಸರು ಹಾಕಿ ಮಾತು ಬರ್ದಿರುತ್ತೆ, ಆಮೇಲೆ ನಾನು ಅಂತ ಇರುತ್ತೆ, ಪಕ್ಕದಲ್ಲಿ ಏನೂ ಇಲ್ಲ. ಖಾಲಿ. ಮೌನ ಅಂತ ಪೇಜುಗಟ್ಲೆ ವರ್ಣನೆ ಮಾಡಿದ್ರೂ ಇಷ್ಟು ಕಾಣ್ತಿರ್ಲಿಲ್ಲ. ತುಟಿ ಕಚ್ಚಿ ಕಚ್ಚಿ ಗಾಯ ಮಾಡ್ಕೊಂಡಿರ್ತಾಳೆ, ಮಾರ್ಕ್ಸ್ ಬೀಳ್ತಾ ಇರುತ್ತೆ, ಕ್ಲಾಸಿಗೆ ಚಕ್ಕರ್ ಹೊಡೀತಾಳೆ, ದೊಡ್ಡೋರೆಲ್ಲಾ ನಿಂಗೇನಾಗಿದೆ ಅಂತ ಬೈತಾರೇ ಹೊರತು ಏನಾಯ್ತು ಪುಟ್ಟಾ ಅಂತ ಕೂರಿಸ್ಕೊಂಡು ಕೇಳೋರಿಲ್ಲ. ಓದ್ತಾ ಓದ್ತಾ ನನಗೆ ನಮ್ಮನೆ ನೆನಪಾಯ್ತು, ಹುಡುಗಿ ಮಂಕಾಗಿ ಕೂತ್ರೆ ನಾವೂ ವಯಸ್ಸು ಕಣೇ, ಮೊಬೈಲ್ ಜಾಸ್ತಿ ಆಯ್ತು ಅಂತ ಹೇಳಿ ಸುಮ್ನಾಗ್ಬಿಡ್ತೀವಿ.

ಸ್ಕೂಲಲ್ಲಿ ಯಾರೂ ಬಳಸದ ಒಂದು ಕಸಪೊರಕೆ ಇಡೋ ಕೋಣೆ ಸಿಗುತ್ತೆ ಅವಳಿಗೆ, ಅಲ್ಲಿರೋ ಕನ್ನಡಿ ಮೇಲೆ ಅಮೆರಿಕದ ಕವಯಿತ್ರಿ ಮಾಯಾ ಏಂಜೆಲೋ ಪೋಸ್ಟರ್ ಅಂಟಿಸ್ತಾಳೆ, ತನ್ನ ಮುಖ ತನಗೇ ಕಾಣಬಾರದು ಅಂತ. ಏಂಜೆಲೋ ಕೂಡ ಚಿಕ್ಕ ವಯಸ್ಸಲ್ಲಿ ಅತ್ಯಾಚಾರಕ್ಕೆ ಒಳಗಾಗಿ ಸುಮಾರು ಐದು ವರ್ಷ ಮಾತೇ ಬಿಟ್ಟಿದ್ದವರು, ಅದು ಗೊತ್ತಿದ್ರೆ ಆ ಪೋಸ್ಟರ್ ಸುಮ್ನೆ ಗೋಡೆ ಅಲಂಕಾರ ಅಲ್ಲ ಅಂತ ಅರ್ಥ ಆಗುತ್ತೆ.

ಮಾತು ವಾಪಸ್ ಬರೋ ದಾರಿ ಕೂಡ ಸಿನಿಮಾ ಥರ ಇಲ್ಲ. ಡ್ರಾಯಿಂಗ್ ಮೇಷ್ಟ್ರು ವರ್ಷ ಪೂರ್ತಿ ಮರ ಅನ್ನೋ ಒಂದೇ ವಿಷಯದ ಮೇಲೆ ಕೆಲಸ ಮಾಡಿಸ್ತಾರೆ, ಎಷ್ಟು ಸಲ ಬಿಡಿಸಿದ್ರೂ ಸತ್ತ ಮರಾನೇ ಬರುತ್ತೆ. ಒಂದಿನ ಮನೇಲಿ ಉಳಿದ ಟರ್ಕಿ ಕೋಳಿ ಮೂಳೆಗಳನ್ನ ತಂದು ಜೋಡಿಸ್ತಾಳೆ, ಅದ್ರೊಳಗೆ ಬಾರ್ಬಿ ಗೊಂಬೆ ತಲೆ, ಬಾಯಿಗೆ ಟೇಪು. ಅದನ್ನ ನೋಡಿ ಇದು ನೋವು ಅಂತ ಗುರುತಿಸೋದು ಆ ಮೇಷ್ಟ್ರು ಒಬ್ರೇ. ಆಮೇಲೆ ಹುಡುಗೀರ ಟಾಯ್ಲೆಟ್ ಗೋಡೆ ಮೇಲೆ, ದೂರ ಇಡ್ಬೇಕಾದ ಹುಡುಗರು ಅಂತ ಹೆಡ್ಡಿಂಗ್ ಹಾಕಿ ಆ ಸೀನಿಯರ್ ಹುಡುಗನ ಹೆಸರು ಬರೀತಾಳೆ. ಕೆಲವು ದಿನ ಬಿಟ್ಟು ನೋಡಿದ್ರೆ ಅದರ ಕೆಳಗೆ ಬೇರೆ ಬೇರೆ ಪೆನ್ನಲ್ಲಿ, ಬೇರೆ ಬೇರೆ ಕೈಬರಹದಲ್ಲಿ ಸಾಲು ಸಾಲು. ನಾನು ಅಲ್ಲಿ ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಅತ್ತೆ.

ಕೊರತೆ ಇಲ್ವಾ ಅಂದ್ರೆ ಇದೆ. ಮಧ್ಯದಲ್ಲಿ ಸ್ಕೂಲಿನ ಗುಂಪುಗಳು, ಸ್ಕೂಲಿನ ಮ್ಯಾಸ್ಕಾಟ್, ಅಂದ್ರೆ ಲಾಂಛನದ ಗೊಂಬೆ, ಬದಲಾಯಿಸೋ ಗಲಾಟೆ ಎಲ್ಲಾ ನಮಗೆ ಅಷ್ಟು ತಲೆಗೆ ಹೋಗಲ್ಲ, ಅಪ್ಪ ಅಮ್ಮನ ಪಾತ್ರ ಅರ್ಧಂಬರ್ಧ ಅನ್ಸ್ತು. ಇಂಗ್ಲಿಷ್ ಮಾತ್ರ ಸಲೀಸು, ಚಿಕ್ಕ ಚಿಕ್ಕ ಭಾಗಗಳು, ಕನ್ನಡ ಮೀಡಿಯಮ್‌ನವರಿಗೂ ಕಷ್ಟ ಇಲ್ಲ. ಎಮಿಲಿ ಕ್ಯಾರಲ್ ಚಿತ್ರ ಬಿಡಿಸಿರೋ ಗ್ರಾಫಿಕ್ ಆವೃತ್ತಿ 2018ರಲ್ಲಿ ಬಂದಿದೆ, ಕಪ್ಪು ಬಿಳುಪು ಬೂದು ಬಣ್ಣದಲ್ಲೇ ಇದೆ, ಆದ್ರೆ ಮೊದಲು ಕಾದಂಬರಿನೇ ಓದಿ.

ಅಮೆರಿಕದಲ್ಲಿ ಇದನ್ನ ಲೈಬ್ರರಿಯಿಂದ ತೆಗೀರಿ ಅನ್ನೋರು ಇವತ್ತಿಗೂ ಇದಾರೆ, ಅಲ್ಲಿನ ಲೈಬ್ರರಿ ಸಂಘ 2020ರಲ್ಲಿ ಅತಿ ಹೆಚ್ಚು ಆಕ್ಷೇಪ ಬಂದ ಹತ್ತು ಪುಸ್ತಕ ಪಟ್ಟಿ ಮಾಡಿದಾಗ ಇದು ನಾಲ್ಕನೇದು. ಆ ಘಟನೆ ಪುಸ್ತಕದಲ್ಲಿ ಎರಡ್ಮೂರು ಪುಟ ಅಷ್ಟೇ, ಒಂದು ಅಕ್ಷರ ಕೂಡ ರುಚಿಗೆ ಅಂತ ಬರ್ದಿಲ್ಲ. ಲೇಖಕಿ ತನಗೆ 13 ವರ್ಷ ಇದ್ದಾಗ ಇದೇ ಆಗಿತ್ತು ಅಂತ 2019ರಲ್ಲಿ ಶೌಟ್ ಅನ್ನೋ ಆತ್ಮಕಥೆಲಿ, ಅದೂ ಪದ್ಯದಲ್ಲಿ, ಬರ್ಕೊಂಡಿದಾರೆ. ಅದನ್ನೂ ಆರ್ಡರ್ ಮಾಡಿದೀನಿ.

ಪುಸ್ತಕ ಅಕ್ಕನ ಮಗಳಿಗೆ ಈ ಭಾನುವಾರ ಕೊಡ್ತಿದೀನಿ. ಓದಿದ್ಮೇಲೆ ಮಾತಾಡ್ಬೇಕು ಅನ್ಸಿದ್ರೆ ಚಿಕ್ಕಮ್ಮಂಗೆ ಫೋನ್ ಮಾಡು, ಎಷ್ಟೊತ್ತಾದ್ರೂ ಎತ್ತೀನಿ ಅಂತ ಮೊದಲ ಪುಟದಲ್ಲಿ ಬರ್ದಿದೀನಿ.